ಮೀನು ಹಿಡಿಯೋ ಇಜಾಕಾಯಾಗೆ ಹೋಗೋ ಮುಂಚೆ

ನೀನು ಕೇಳಿರೋದು ಇಷ್ಟು ತಮ್ಮ: ಮಂಡ್ಯದಿಂದ ಟೋಕಿಯೋಗೆ ಬಂದು ಇನ್ನೂ ಹೊಸದು, ದೋಣಿ ಮೇಲೆ ಕೂತು ಗಾಳ ಹಾಕಿ ಮೀನು ಹಿಡಿದು ತಿನ್ನೋ ಇಜಾಕಾಯಾಗೆ, ಅಂದ್ರೆ ಇಲ್ಲಿನ ಬಾರು-ಹೋಟೆಲಿಗೆ, ಆಫೀಸಿನವರು ಶುಕ್ರವಾರ ಕರೆದಿದ್ದಾರೆ. ನೀನು ಕುಡಿಯಲ್ಲ, ಮಾಂಸ-ಮೀನು ಮುಟ್ಟಲ್ಲ. ಹೋಗ್ಲಾ ಬೇಡ್ವಾ, ಎಷ್ಟು ಖರ್ಚಾಗುತ್ತೆ ಅಂತ.

ಹೋಗು. ಆದರೆ ಏರ್ಪಾಡು ಮಾಡ್ತಿರೋರ ಹತ್ತಿರ ಇವತ್ತೇ ಮಾತಾಡು. ಇಲ್ಲಿ ಅವರನ್ನ ‘ಕಾಂಜಿ’ ಅಂತಾರೆ. ಅಲ್ಲಿ ಹೋಗಿ ಕೂತ ಮೇಲೆ ಹೇಳಿದ್ರೆ ತಡವಾಯ್ತು. ಅವರು ‘ನೋಮಿಹೋದೈ’ ಕೋರ್ಸ್ ಬುಕ್ ಮಾಡಿದ್ರೆ ಒಂದೂವರೆ ಅಥವಾ ಎರಡು ಗಂಟೆ ಎಷ್ಟು ಬೇಕಾದ್ರೂ ಕುಡೀಬಹುದು, ಕೊನೆಯ ಆರ್ಡರ್ ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ. ಒಂದೇ ಟೇಬಲ್‌ನಲ್ಲಿ ಒಬ್ಬರು ತಗೊಂಡ್ರೆ ಎಲ್ಲರೂ ತಗೋಬೇಕು ಅನ್ನೋ ನಿಯಮ ಹೆಚ್ಚಿನ ಕಡೆ ಇದೆ. ಆಗ ಊಲಾಂಗ್ ಟೀಗೆ ನೀನು ಬಿಯರ್ ಕುಡಿದವರ ದುಡ್ಡು ಕೊಡಬೇಕಾಗುತ್ತೆ, ತಿಂಡಿಗಳೂ ಮೊದಲೇ ಗೊತ್ತಾದವು, ಬದಲಾಯಿಸೋಕೆ ಆಗಲ್ಲ. ‘ಸೆಕಿ ದಾಕೆ’, ಅಂದ್ರೆ ಸೀಟು ಮಾತ್ರ ಬುಕ್ ಮಾಡಿ ಅಂತ ಕೇಳ್ಕೋ. ಬೇಕಾದ್ದು ಬೇಕಾದಾಗ ತರಿಸ್ಕೋಬಹುದು. ಕೋರ್ಸೇ ಆಗಬೇಕು ಅಂದ್ರೆ, ಕುಡಿಯದವರಿಗೆ ತಂಪು ಪಾನೀಯದ ಬೇರೆ ದರ ಇದೆಯಾ ಅಂತ ಅವರೇ ಫೋನ್ ಮಾಡಿ ವಿಚಾರಿಸಲಿ.

ಈ ಥರದ ಜಾಗಗಳಲ್ಲಿ ಹೆಸರಾಗಿರೋದು ‘ಜಾವೋ’. ಮರದ ದೋಣಿ, ಸುತ್ತ ನೀರಿನ ತೊಟ್ಟಿ, ಅದರಲ್ಲಿ ಜೀವಂತ ಮೀನು. ಹಿಡಿದ ಮೀನನ್ನ ವಾಪಸ್ ನೀರಿಗೆ ಬಿಡೋ ಹಾಗಿಲ್ಲ, ಕೊಳ್ಳಲೇಬೇಕು. ಹಸಿಯಾಗಿ ಸಾಶಿಮಿ ಬೇಕೋ, ಉಪ್ಪು ಸವರಿ ಸುಡಬೇಕೋ, ಕರೀಬೇಕೋ, ಅದನ್ನ ಹೇಳಿ ಕೊಟ್ಟುಬಿಡೋದು. ಮೆನುವಿನಿಂದ ತರಿಸೋದಕ್ಕಿಂತ ಹಿಡಿದದ್ದಕ್ಕೆ ದರ ಕಮ್ಮಿ, ಆದರೂ ಜಾತಿ ನೋಡಿ ಒಂದೊಂದು ಮೀನಿಗೆ ಸಾವಿರಾರು ಯೆನ್ ಆಗುತ್ತೆ. ಉತ್ಸಾಹದಲ್ಲಿ ಇಬ್ಬರು ಮೂವರು ಒಟ್ಟಿಗೆ ಗಾಳ ಬಿಟ್ರೆ ಬಿಲ್ ಏರೋದು ಇಲ್ಲೇ. ನೀನು ಗಾಳ ಮುಟ್ಟಲೇಬೇಕು ಅಂತಿಲ್ಲ. ಮೀನು ಸಿಕ್ಕಾಗ ಡೋಲು ಬಾರಿಸಿ ಚಪ್ಪಾಳೆ ತಟ್ಟಿಸ್ತಾರೆ, ಜೊತೆಗೆ ತಟ್ಟು, ಸಾಕು.

ಕೂತ ತಕ್ಷಣ ಒದ್ದೆ ಟವೆಲ್ ಜೊತೆ ನೀನು ಕೇಳದ ಒಂದು ಪುಟ್ಟ ಬಟ್ಟಲು ಬರುತ್ತೆ. ಅದು ‘ಓತೋಶಿ’. ನಮ್ಮ ನೂರಡಿ ರಸ್ತೆ ಬಾರಿನಲ್ಲಿ ಇಡೋ ಕಡಲೆಬೀಜದ ಹಾಗೆ ಪುಕ್ಕಟೆ ಅಂದ್ಕೋಬೇಡ, ಕೂತಿದ್ದಕ್ಕೇ ಬಾಡಿಗೆ ಅದು, ತಲೆಗೆ 300ರಿಂದ 500 ಯೆನ್. ಕೆಲವು ಕಡೆ ತರೋ ಮುಂಚೆಯೇ ಬೇಡ ಅಂದ್ರೆ ಬಿಡ್ತಾರೆ, ಹೆಚ್ಚಿನ ಕಡೆ ಬಿಡಲ್ಲ. ಇದಕ್ಕೆ ಜಗಳ ಬೇಡ. ತಿನ್ನೋದೂ ಬೇಡ: ನೋಡೋಕೆ ಬರೀ ತರಕಾರಿ ಪಲ್ಯದ ಥರ ಇದ್ರೂ ಬೇಯಿಸಿರೋದು ‘ದಾಶಿ’ಯಲ್ಲಿ.

ಈ ದಾಶಿಯೇ ನಿನಗೆ ನಿಜವಾದ ತೊಂದರೆ. ಒಣಗಿಸಿ ಹೊಗೆ ಹಾಕಿದ ಕತ್ಸುವೊ ಮೀನನ್ನ ತೆಳ್ಳಗೆ ಹೆರೆದು, ನೀರಿನಲ್ಲಿ ಕುದಿಸಿ ಸೋಸಿದ ರಸ. ಮಿಸೊ ಸೂಪು, ಅಗೆದಾಶಿ ತೋಫುವಿನ ರಸ, ಸುರುಳಿ ಆಮ್ಲೆಟ್, ಎಲ್ಲದರಲ್ಲೂ ಸೇರಿರುತ್ತೆ. ‘ವೆಜಿಟೇರಿಯನ್’ ಅಂತ ಹೇಳಿದ್ರೆ ಮಾಂಸದ ತುಂಡು ತೆಗೆದು ಉಳಿದದ್ದು ಹಾಗೇ ಕೊಡ್ತಾರೆ. ಅವರಿಗೆ ಮೋಸ ಮಾಡೋ ಉದ್ದೇಶ ಇಲ್ಲ, ರಸ ಅವರ ಲೆಕ್ಕಕ್ಕೇ ಬರಲ್ಲ. ಹೀಗೆ ಹೇಳು: “ನಿಕು ಮೊ ಸಕಾನಾ ಮೊ ತಾಬೇರಾರೆಮಾಸೆನ್. ಕತ್ಸುವೊ ನೊ ದಾಶಿ ಮೊ ದಾಮೆ ದೆಸು.” ಮಾಂಸ, ಮೀನು ತಿನ್ನಲ್ಲ, ಕತ್ಸುವೊ ರಸವೂ ಆಗಲ್ಲ ಅಂತ.

ಧೈರ್ಯವಾಗಿ ತರಿಸಬಹುದಾದ್ದು: ಉಪ್ಪು ನೀರಿನಲ್ಲಿ ಬೇಯಿಸಿದ ಎಳೆ ಸೋಯಾ ಕಾಯಿ ಎದಾಮಾಮೆ, ಅದು ನಮ್ಮ ಅವರೆಕಾಯಿ ತಿನ್ನೋರಿಗೆ ಹಿಡಿಸುತ್ತೆ, ಹೆಚ್ಚಿದ ಟೊಮೆಟೊ, ಸುಟ್ಟ ಶಿಶಿತೊ ಮೆಣಸಿನಕಾಯಿ, ಶಿತಾಕೆ ಅಣಬೆ. ಸುಟ್ಟದ್ದನ್ನ ‘ಶಿಯೊ ದೆ’, ಉಪ್ಪಿನಲ್ಲಿ, ಅಂತಲೇ ಕೇಳು. ‘ತಾರೆ’, ಅಂದ್ರೆ ಸಿಹಿ ಸೋಯಾ ಸಾಸ್, ಹಾಕಿ ಅಂತ ಕೇಳಿದ್ರೆ ಕೋಳಿ ಕಡ್ಡಿಗಳನ್ನ ಅದ್ದೋ ಪಾತ್ರೆಯಲ್ಲೇ ನಿನ್ನದನ್ನೂ ಅದ್ದಬಹುದು. ತಣ್ಣನೆ ತೋಫು ಹಿಯಾಯಾಕ್ಕೊ ಚೆನ್ನಾಗಿರುತ್ತೆ, ಆದರೆ ‘ಕತ್ಸುವೊಬುಶಿ ನಾಶಿ’ ಅನ್ನದಿದ್ರೆ ಮೇಲೆ ಮೀನಿನ ಹೆರಕಲು ಉದುರಿಸ್ತಾರೆ. ಬಿಸಿ ತಿಂಡಿ ಮೇಲೆ ಗುಲಾಬಿ-ಕಂದು ಬಣ್ಣದ ಪದರಗಳು ತಾವಾಗೇ ಅಲುಗಾಡ್ತಿದ್ರೆ ಅವೇ ಅಂತ ತಿಳ್ಕೋ. ಆಲೂ ಸಲಾಡ್‌ನಲ್ಲಿ ಹಂದಿಮಾಂಸದ ಹ್ಯಾಮ್ ಇರೋದೇ ಹೆಚ್ಚು. ಫ್ರೆಂಚ್ ಫ್ರೈಸ್‌ಗೆ ಕೋಳಿ ಕರಿದ ಎಣ್ಣೆಯೇ ಇರಬಹುದು, ನಿನಗೆ ಪರವಾಗಿಲ್ಲವಾ ನೀನೇ ನೋಡ್ಕೋ. ಕೊನೆಗೆ ಅನ್ನ ಬೇಕಿದ್ರೆ ‘ಶಿಯೊ ಮುಸುಬಿ’, ಬರೀ ಉಪ್ಪು ಹಚ್ಚಿದ ಅನ್ನದ ಉಂಡೆ. ಉಪ್ಪಿನಕಾಯಿ ಥರದ ಉಮೆಬೊಶಿ ಇಟ್ಟಿದ್ದು ಬೇಡ, ಅದರಲ್ಲೂ ಕತ್ಸುವೊ ಬೆರೆಸೋದುಂಟು.

ಎಲ್ಲಾ ಅಂಗೈಯಗಲದ ತಟ್ಟೆಗಳು, ಹಂಚಿ ತಿನ್ನೋಕೆ ಮಾಡಿದವು, ನಿಧಾನಕ್ಕೆ ಬರುತ್ತವೆ. ಮನೇಲಿ ಮೊಸರನ್ನ ತಿಂದೇ ಹೊರಡು. ತೂತಿಲ್ಲದ ಸಾಕ್ಸ್ ಹಾಕ್ಕೋ, ಬಾಗಿಲಲ್ಲೇ ಶೂ ಬಿಡಿಸೋ ಕಡೆ ಬಹಳ. ಗ್ಲಾಸ್ ಬಂದ ಕೂಡಲೇ ಬಾಯಿಗಿಡಬೇಡ, ಎಲ್ಲರ ಕೈಗೂ ಬಂದು ‘ಕಾಂಪೈ’, ಅಂದ್ರೆ ಚಿಯರ್ಸ್, ಆಗಲಿ. ಊಲಾಂಗ್ ಟೀ ಎತ್ತಿದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ.

ಬಿಡಿಯಾಗಿ ತರಿಸಿದ್ರೆ ಓತೋಶಿ 400, ಎರಡು ಟೀ 800, ನಾಲ್ಕು ತಟ್ಟೆ 2,000, ಹೀಗೆ 3,200 ಯೆನ್ ಆಸುಪಾಸು. ಆದರೆ ‘ವರಿಕಾನ್’, ಸಮಪಾಲು ಮಾಡಿದ್ರೆ ಮೀನಿನ ದುಡ್ಡೂ ಸೇರುತ್ತೆ. ಕಾಂಜಿಗೆ ಮೊದಲೇ ಗೊತ್ತಿದ್ರೆ ಕುಡಿಯದವರಿಗೆ ಕಮ್ಮಿ ಹಾಕ್ತಾರೆ. ಸಾವಿರದ ನೋಟುಗಳು ಐದಾರು ಇಟ್ಕೋ. ಟಿಪ್ಸ್ ಇಡಬೇಡ, ಮರೆತು ಹೋದೆ ಅಂತ ಹಿಂದೆ ಓಡಿ ಬಂದು ವಾಪಸ್ ಕೊಡ್ತಾರೆ. ಮುಗಿದ ಮೇಲೆ ‘ನಿಜಿಕಾಯ್’, ಎರಡನೇ ಸುತ್ತಿಗೆ ಇನ್ನೊಂದು ಕಡೆ ಕರೀತಾರೆ. ಹೋಗಲೇಬೇಕು ಅಂತಿಲ್ಲ. ಕೊನೆಯ ರೈಲು ನಡುರಾತ್ರಿ ಹೊತ್ತಿಗೆ ಮುಗಿಯುತ್ತೆ, ನಿನ್ನ ಲೈನಿನ ಸಮಯ ಹಗಲೇ ನೋಡಿಟ್ಕೊಂಡಿರು.