ಫೈರ್ ಎಂಜಿನ್ನಿನ ನೀರು ಆರೇ ನಿಮಿಷಕ್ಕೆ ಮುಗಿಯುವುದೇಕೆ?

ಓದುಗರ ಪತ್ರ: "ಬೇಸಿಗೆಯಲ್ಲಿ ನಮ್ಮೂರಿನ ಒಂದು ರಾಗಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಫೈರ್ ಎಂಜಿನ್ ಬಂದು ಐದಾರು ನಿಮಿಷ ನೀರು ಹೊಡೆಯಿತು. ನೀರು ಖಾಲಿ ಎಂದು ತುಂಬಿಸಿಕೊಂಡು ಬರಲು ಹೋದರು. ತಿರುಗಿ ಬರುವಷ್ಟರಲ್ಲಿ ಇನ್ನೆರಡು ಬಣವೆ, ಒಂದು ಕೊಟ್ಟಿಗೆ ಬೂದಿಯಾಗಿತ್ತು. ಅರ್ಧ ಟ್ಯಾಂಕ್ ನೀರಿಟ್ಟುಕೊಂಡು ಗಾಡಿ ಕಳಿಸುತ್ತಾರೆಯೇ? ತಾಲ್ಲೂಕಿಗೆ ದೊಡ್ಡ ಗಾಡಿ ಕೊಡಿ ಎಂದು ನೀವೇಕೆ ಬರೆಯಬಾರದು? ಇನ್ನೊಂದು ಮಾತು: ಅಣ್ಣನ ಮುಂಗೈ ಸುಟ್ಟಾಗ ಇಂಕು ಸುರಿದೆವು, ಆಸ್ಪತ್ರೆಯಲ್ಲಿ ಬೈದರು. ಏನು ಮಾಡಬೇಕಿತ್ತು?" (ಕೋಲಾರ ಜಿಲ್ಲೆಯ ಹಳ್ಳಿಯೊಂದರಿಂದ)

ಸಂಪಾದಕರ ಉತ್ತರ:

ನಿಮ್ಮ ನಷ್ಟ ಸಣ್ಣದಲ್ಲ. ಮೇವು ಹೋದರೆ ಮುಂದಿನ ಮಳೆಯವರೆಗೆ ದನ ಸಾಕುವುದು ಹೇಗೆ ಎಂಬ ಚಿಂತೆ ನಮ್ಮ ಕಡೆಯ ರೈತರಿಗೆಲ್ಲ ಗೊತ್ತಿರುವುದೇ. ಆದರೆ ಗಾಡಿ ಅರ್ಧ ಟ್ಯಾಂಕಿನಲ್ಲಿ ಬಂದಿತ್ತು ಎಂಬ ಅನುಮಾನವನ್ನು ನಿಮ್ಮ ಪತ್ರದಲ್ಲಿರುವ ಲೆಕ್ಕವೇ ಅಳಿಸುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಅಗ್ನಿಶಾಮಕ ವಾಹನದ ಟ್ಯಾಂಕು 4,500 ಲೀಟರಿನದು. ಪಂಪು (ಚದರ ಸೆಂಟಿಮೀಟರಿಗೆ) ಏಳು ಕೆ.ಜಿ. ಒತ್ತಡದಲ್ಲಿ ನಿಮಿಷಕ್ಕೆ 1,800 ಲೀಟರ್ ತಳ್ಳಬಲ್ಲದು. ಆ ಒತ್ತಡದಲ್ಲಿ 20 ಮಿ.ಮೀ. ಬಾಯಿಯ ಒಂದು ನಾಜಲ್‌ನಿಂದ ನಿಮಿಷಕ್ಕೆ ಸುಮಾರು 700 ಲೀಟರ್ ಹೊರಬೀಳುತ್ತದೆ. 4,500ನ್ನು 700ರಿಂದ ಭಾಗಿಸಿ ನೋಡಿ, ಆರೂವರೆ ನಿಮಿಷ. ಎರಡು ಕಡೆಯಿಂದ ಹೊಡೆದರೆ ಮೂರು ನಿಮಿಷ ಚಿಲ್ಲರೆ. ನೀವು ಕಂಡದ್ದು ತುಂಬಿದ ಟ್ಯಾಂಕೇ.

ಹಾಗಾದರೆ ಎರಡು ಪಟ್ಟು ದೊಡ್ಡ ಗಾಡಿ ಬಂದಿದ್ದರೆ? ಹದಿಮೂರು ನಿಮಿಷ ಸಿಗುತ್ತಿತ್ತು. ಹತ್ತಿ ಉರಿಯುವ ಬಣವೆಗೆ ಅದೂ ಸಾಲದು, ಒಳಗೆ ಹೊಕ್ಕ ಕೆಂಡ ಒಂದೆರಡು ದಿನ ಹೊಗೆಯಾಡುತ್ತದೆ. 4,500 ಲೀಟರಿನ ಗಾಡಿಯಲ್ಲೇ ನೀರಿನ ತೂಕ ನಾಲ್ಕೂವರೆ ಟನ್. ಚಾಸಿಸ್, ಪಂಪು, ಏಣಿ, ಸಿಬ್ಬಂದಿ ಎಲ್ಲ ಸೇರಿದರೆ ಹತ್ತು ಟನ್ನು ದಾಟುತ್ತದೆ. ನಮ್ಮ ಹಳ್ಳಿಗಳ ಚರಂಡಿಯ ಮೇಲಿನ ಚಪ್ಪಡಿ ಅದನ್ನೇ ತಾಳುವುದಿಲ್ಲ. ಆದ್ದರಿಂದ ದೊಡ್ಡ ಗಾಡಿಗಾಗಿ ಬರೆಯುವ ಬದಲು ಗಾಡಿ ಎಲ್ಲಿ ನೀರು ತುಂಬಿಸಿಕೊಳ್ಳಬೇಕು ಎಂಬ ಬಗ್ಗೆ ಬರೆಯುತ್ತಿದ್ದೇವೆ. ನಿಮ್ಮೂರಿನ ಕೊಟ್ಟಿಗೆ ಹೋದದ್ದು ಗಾಡಿ ನೀರಿಗಾಗಿ ಊರು ಬಿಟ್ಟು ಹೋದ ಆ ಹೊತ್ತಿನಲ್ಲಿ. ಮೊದಲ ಟ್ಯಾಂಕನ್ನು ಗಾಡಿ ತರುತ್ತದೆ, ಎರಡನೆಯದು ಊರಿನಲ್ಲೇ ಸಿಗುವಂತಿರಬೇಕು.

"ಬೋರ್‌ವೆಲ್ ಇತ್ತಲ್ಲ" ಎಂದು ಎಲ್ಲರೂ ಕೇಳುತ್ತಾರೆ. ನಿಮಿಷಕ್ಕೆ 50 ಲೀಟರ್ ಬರುವ ಬೋರಿನಿಂದ ಆ ಟ್ಯಾಂಕು ತುಂಬಲು ಒಂದೂವರೆ ಗಂಟೆ ಬೇಕು, ಅದೂ ಕರೆಂಟ್ ಇದ್ದರೆ. ಬೋರಿನೊಳಗೆ ಪೈಪು ಇಳಿಬಿಟ್ಟು ಫೈರ್ ಎಂಜಿನ್ನೇ ಎಳೆದುಕೊಳ್ಳಲಿ ಎಂದರೆ ಅದೂ ಆಗದು. ಪಂಪು ನೀರನ್ನು ಎಳೆಯುವುದಿಲ್ಲ. ಅದು ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ನೂಕುತ್ತದೆ. ಸಮುದ್ರಮಟ್ಟದಲ್ಲೇ ಈ ನೂಕು 10.3 ಮೀಟರಿಗೆ ಮುಗಿಯುತ್ತದೆ. ಎಂಟುನೂರು, ಒಂಬೈನೂರು ಮೀಟರ್ ಎತ್ತರದಲ್ಲಿರುವ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಅದು ಇನ್ನೂ ಒಂದು ಮೀಟರ್ ಕಡಿಮೆ. ಸೋರಿಕೆ, ಪೈಪಿನ ಉಜ್ಜಾಟ ಕಳೆದರೆ ಆರು, ಆರೂವರೆ ಮೀಟರ್ ಆಳದ ನೀರು ಮಾತ್ರ ನಂಬಬಹುದಾದದ್ದು. ನಲವತ್ತು ಅಡಿ ಕೆಳಗೆ ನೀರಿರುವ ತೆರೆದ ಬಾವಿಯೂ ಇದಕ್ಕೆ ಒದಗದು.

ಒದಗುವುದು ಕೆರೆ, ಕುಂಟೆ, ಕಲ್ಯಾಣಿ, ಕೃಷಿ ಹೊಂಡ. ಕೋಲಾರದ ಹಲವು ಕೆರೆಗಳಲ್ಲಿ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಿಂತಿದೆ. ಅದರ ಗುಣದ ಬಗ್ಗೆ ಇರುವ ತಕರಾರು ಇದೇ ಪತ್ರಿಕೆಯಲ್ಲಿ ಬಂದಿದೆ, ಆದರೆ ಬೆಂಕಿ ಆರಿಸಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಕೆರೆ ತುಂಬಿದ್ದರೆ ಸಾಲದು, ಗಾಡಿ ನೀರಿನ ಹತ್ತಿರ ಬರಬೇಕು. ಸಕ್ಷನ್ ಪೈಪು ನಾಲ್ಕು ಇಂಚಿನದು, ಒಳಗೆ ತಂತಿ ಸುತ್ತಿದ ಗಟ್ಟಿ ಪೈಪು, ತುಂಡುತುಂಡಾಗಿ ಜೋಡಿಸುವಂಥದು, ಒಟ್ಟು ಉದ್ದ ಹತ್ತು ಮೀಟರಿನ ಆಸುಪಾಸು. ಏರಿಯ ಮೇಲೆ ನಿಂತು ಮೂವತ್ತು ಮೀಟರ್ ಆಚೆಯ ನೀರು ನೋಡಿದರೆ ಏನೂ ಆಗದು. ತೂಬಿನ ಬಳಿಯೋ ದನ ಇಳಿಯುವ ದಾರಿಯಲ್ಲೋ ಹನ್ನೆರಡು ಅಡಿ ಅಗಲಕ್ಕೆ ಗ್ರಾವೆಲ್ ಹಾಕಿ ರೋಲರ್ ಓಡಿಸಿದರೆ ಸಾಕು. ಪೈಪಿನ ತುದಿಯ ಜಾಲರಿ ನೀರಿನ ಮಟ್ಟದಿಂದ ಒಂದೆರಡು ಅಡಿ ಕೆಳಗಿರಬೇಕು. ಮೇಲೆ ಬಂದರೆ ಸುಳಿ ಎದ್ದು ಗಾಳಿ ನುಗ್ಗುತ್ತದೆ, ಪಂಪು ಹಿಡಿತ ಬಿಡುತ್ತದೆ. ತಳಕ್ಕೆ ತಾಕಿದರೆ ಹೂಳು ನುಂಗುತ್ತದೆ. ಹಗ್ಗ ಕಟ್ಟಿ ನಡುನೀರಿನಲ್ಲಿ ತೂಗುಬಿಡಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಂತೂ ಇದು ಕಡ್ಡಾಯ. ಹಾಸು ಜಾಲರಿಗೆ ಅಂಟಿಕೊಂಡರೆ ನೀರೂ ನಿಲ್ಲುತ್ತದೆ, ಹಾಸೂ ಹರಿಯುತ್ತದೆ. ಜಾಲರಿಯನ್ನು ಒಂದು ಬಿದಿರು ಮಂಕರಿಯೊಳಗಿಟ್ಟು ಇಳಿಸುವುದು ಒಳ್ಳೆಯದು. ಹತ್ತು ಮೀಟರ್ ಉದ್ದಗಲ, ಮೂರು ಮೀಟರ್ ಆಳ, ಇಳಿಜಾರು ಬದಿಗಳ ಹೊಂಡದಲ್ಲಿ ಒಂದೂವರೆ ಮೀಟರ್ ನೀರಿದ್ದರೂ ಹತ್ತು ಟ್ಯಾಂಕಿಗೆ ಆಗುತ್ತದೆ.

ಕೆಲವೊಮ್ಮೆ ನೀರಿನ ಪಕ್ಕದಲ್ಲೇ ನಿಂತು ಪಂಪು ನೀರು ಹಿಡಿಯದೆ ಹತ್ತು ನಿಮಿಷ ಕಳೆಯುವುದುಂಟು. ಬಹುತೇಕ ಕಾರಣ ಸಕ್ಷನ್ ಪೈಪಿನ ಜೋಡಣೆಯೊಳಗಿನ ರಬ್ಬರ್ ವಾಷರ್. ಅದು ಒಣಗಿ ಬಿರಿದಿದ್ದರೆ, ಒಂದು ಕಾಳು ಮರಳು ಸಿಕ್ಕಿಕೊಂಡಿದ್ದರೆ, ಆ ಸಂದಿನಿಂದ ಗಾಳಿ ಒಳಹೋಗುತ್ತಲೇ ಇರುತ್ತದೆ, ನಿರ್ವಾತ ಅಳೆಯುವ ಮಾಪಕದ ಮುಳ್ಳು ಏರುವುದೇ ಇಲ್ಲ. ಇದು ಊರಿನವರ ಕೆಲಸವಲ್ಲ, ಠಾಣೆಯವರದು. ಆದರೆ ಬೆಂಕಿಯಿಲ್ಲದ ದಿನ ಠಾಣಾಧಿಕಾರಿಯನ್ನು ಕರೆದು ನಿಮ್ಮ ಕೆರೆಯಲ್ಲಿ ಒಮ್ಮೆ ನೀರೆಳೆದು ತೋರಿಸಿ ಎಂದು ಕೇಳುವುದು ಊರಿನವರ ಕೆಲಸ. ಗಾಡಿ ಎಲ್ಲಿ ತಿರುಗಬೇಕು, ಯಾವ ಚಪ್ಪಡಿ ಕುಸಿಯುತ್ತದೆ ಎಂಬುದೂ ಆಗಲೇ ತಿಳಿದುಬಿಡುತ್ತದೆ.

ಕೆರೆಯೇ ಬತ್ತಿರುವ ಊರಿಗೆ ಓವರ್‌ಹೆಡ್ ಟ್ಯಾಂಕೇ ಗತಿ. ಅದರ ಬುಡದಲ್ಲಿ ಮೂರಿಂಚಿನ ವಾಲ್ವು ಕೂರಿಸಿ ಫೈರ್ ಹೋಸಿಗೆ ಒಗ್ಗುವ 63 ಮಿ.ಮೀ. ಕಪ್ಲಿಂಗ್ ಹಾಕಿಸಿದರೆ ಹತ್ತು ನಿಮಿಷದೊಳಗೆ ಗಾಡಿ ತುಂಬುತ್ತದೆ. ಕಪ್ಲಿಂಗ್ ಕೊಳ್ಳುವ ಮುನ್ನ ಠಾಣೆಯ ಹೋಸ್ ತಂದು ಹೊಂದಿಸಿ ನೋಡಿ. ವಾಲ್ವಿನ ಕೀಲಿ ವಾಟರ್‌ಮನ್ ಒಬ್ಬರ ಜೇಬಿನಲ್ಲೇ ಇದ್ದರೆ, ಅವರು ಸಂತೆಗೆ ಹೋದ ದಿನ ಕೆಲಸ ಕೆಟ್ಟಿತು. ಇನ್ನೊಂದು ಕೀಲಿ ಪಂಚಾಯಿತಿ ಕಚೇರಿಯಲ್ಲಿರಲಿ. ಜೊತೆಗೆ ಬೇಸಿಗೆಯಲ್ಲಿ ನೀರು ಹೊಡೆಯುವ ಟ್ರ್ಯಾಕ್ಟರ್ ಟ್ಯಾಂಕರ್‌ಗಳು ಪ್ರತಿ ಹೋಬಳಿಯಲ್ಲೂ ಇವೆ. ಎರಡು ಟ್ಯಾಂಕರ್ ಸರದಿಯಲ್ಲಿ ತಂದು ಸುರಿಯುತ್ತಿದ್ದರೆ ಗಾಡಿ ಜಾಗ ಬಿಟ್ಟು ಕದಲಬೇಕಿಲ್ಲ. ಟ್ಯಾಂಕರ್ ಮಾಲೀಕರ ಫೋನ್ ನಂಬರುಗಳನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ.

ಇನ್ನು ನೀರು ಬರುವವರೆಗೆ ಮಾಡಬೇಕಾದದ್ದು. ಹೊತ್ತಿಕೊಂಡ ಬಣವೆಯ ಮೇಲೆ ಕೊಡಪಾನದ ನೀರು ಸುರಿಯುವುದರಲ್ಲಿ ಅರ್ಥವಿಲ್ಲ. ಅದರ ಆಸೆ ಬಿಟ್ಟು, ಗಾಳಿ ಬೀಸುವ ದಿಕ್ಕಿನಲ್ಲಿರುವ ಪಕ್ಕದ ಬಣವೆ, ಕೊಟ್ಟಿಗೆಯ ಸೂರು ಒದ್ದೆ ಮಾಡಿ. ಗೋಣಿಚೀಲ ನೆನೆಸಿ ಹೊದಿಸಿ. ದನದ ಕಣ್ಣಿ ಬಿಚ್ಚಿ ದೂರ ಅಟ್ಟಿ. ಜೆಸಿಬಿ ತಂದು ಬಣವೆ ಕೆದಕುವುದೇ ಅತಿ ದೊಡ್ಡ ತಪ್ಪು. ನೀರಿಲ್ಲದೆ ಬಿಚ್ಚಿದರೆ ಒಳಗಿನ ಕೆಂಡಕ್ಕೆ ಗಾಳಿ ಸಿಕ್ಕಿ, ಕಿಡಿ ಊರೆಲ್ಲ ಹಾರುತ್ತದೆ. ನೀರು ಕೈಯಲ್ಲಿದ್ದಾಗ ಪದರ ಪದರವಾಗಿ ಎಳೆದು, ಹರಡಿ, ನೆನೆಸಬೇಕು. ಆಗ ದೊಡ್ಡ ಧಾರೆ ಬೇಡ. ಅದು ಉರಿಯುವ ಹುಲ್ಲನ್ನು ಎರಚುತ್ತದೆ. ತುಂತುರು ನಾಜಲ್ ಸಾಕು, ನೀರೂ ಉಳಿಯುತ್ತದೆ. ಒಣಹುಲ್ಲಿನ ಮೇಲಿಂದ ನೀರು ಜಾರಿಹೋಗುವುದರಿಂದ, ಬಕೆಟ್ಟಿನಲ್ಲಿ ಎರಚುವವರು ಒಂದು ಹಿಡಿ ಸೋಪಿನ ಪುಡಿ ಬೆರೆಸಿದರೆ ಒಳಕ್ಕೆ ಇಂಗುತ್ತದೆ. ಹೋಸಿನ ಮೇಲೆ ಬೈಕು, ಟ್ರ್ಯಾಕ್ಟರ್ ಹತ್ತಿಸಬೇಡಿ. ಗಾಡಿ 150 ಮೀಟರ್ ದೂರದಲ್ಲಿ ನಿಲ್ಲಬೇಕಾಗಿ ಬಂದರೆ ಮೂರು ಕೆ.ಜಿ.ಗೂ ಹೆಚ್ಚು ಒತ್ತಡ ಹೋಸಿನೊಳಗೇ ಕರಗುತ್ತದೆ. ರಸ್ತೆಗೆ ಅಡ್ಡ ನಿಂತ ಕಾರು, ಗಾಡಿ ತೆಗೆಸುವುದೂ ಆದ್ದರಿಂದ ನೀರಿನಷ್ಟೇ ಮುಖ್ಯ.

ವಿದ್ಯುತ್ ತಂತಿ ಹತ್ತಿರವಿದ್ದರೆ ಮೊದಲು ಬೆಸ್ಕಾಂನ 1912ಕ್ಕೆ, ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ. ತಂತಿಯ ಅಡಿ ಬಣವೆ ಒಟ್ಟುವುದನ್ನೇ ಬಿಡಬೇಕು. ಮೇಲೆತ್ತರ ಹೇರಿಕೊಂಡು ಬರುವ ಟ್ರ್ಯಾಕ್ಟರ್ ಜೋತ ತಂತಿಗೆ ತಗಲಿ ಹತ್ತುವ ಬೆಂಕಿ ಸುಗ್ಗಿಯಲ್ಲಿ ಸಾಮಾನ್ಯ. ಬಣವೆಗೂ ಕೊಟ್ಟಿಗೆಗೂ ಅರವತ್ತು ಅಡಿಯಾದರೂ ಅಂತರವಿರಲಿ. ರಸ್ತೆಯ ಮೇಲೆ ಹುರುಳಿ ಒಕ್ಕಲು ಹರಡುವವರಿಗೂ ಇಲ್ಲೇ ಒಂದು ಮಾತು: ಕಾರಿನ ಅಡಿ ಸುತ್ತಿಕೊಂಡ ಹುರುಳಿ ಬಳ್ಳಿ ಬಿಸಿ ಸೈಲೆನ್ಸರಿಗೆ ತಾಗಿ ಕಾರೇ ಹೊತ್ತಿ ಉರಿಯುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಕರೆ ಮಾಡುವಾಗ 112 ಅಥವಾ 101. ಫೋನ್ ಎತ್ತುವವರು ನಿಮ್ಮ ತಾಲ್ಲೂಕಿನವರಾಗಿರಲಿಕ್ಕಿಲ್ಲ. ಹೊಸಹಳ್ಳಿ, ಗೊಲ್ಲಹಳ್ಳಿ ಎಂಬ ಹೆಸರಿನ ಊರು ಎಷ್ಟಿವೆ! ತಾಲ್ಲೂಕು, ಹೋಬಳಿ, ಊರು, ಹತ್ತಿರದ ದೊಡ್ಡ ರಸ್ತೆ, ಏನು ಉರಿಯುತ್ತಿದೆ, ಎಲ್ಲಿ ನೀರಿದೆ, ಈ ಕ್ರಮದಲ್ಲಿ ಹೇಳಿ. ಬಾಗೇಪಲ್ಲಿ, ಪಾವಗಡದಂಥ ಗಡಿ ತಾಲ್ಲೂಕುಗಳಲ್ಲಿ ಆಂಧ್ರದ ಟವರ್ ಹಿಡಿದರೆ ಕರೆ ಅತ್ತ ಹೋಗಬಹುದು, ಆದ್ದರಿಂದ ಹತ್ತಿರದ ಠಾಣೆಯ ನೇರ ನಂಬರನ್ನೂ ಫೋನಿನಲ್ಲಿಟ್ಟುಕೊಳ್ಳಿ. ಮುಖ್ಯ ರಸ್ತೆಯ ಕೈಮರದ ಬಳಿ ಒಬ್ಬರು ಟಾರ್ಚ್ ಹಿಡಿದು ನಿಲ್ಲಲಿ.

ನಿಮ್ಮ ಅಣ್ಣನವರ ಕೈಯ ವಿಚಾರ. ಇಂಕು, ಟೂತ್‌ಪೇಸ್ಟು, ಹಿಟ್ಟು, ಎಣ್ಣೆ ಯಾವುದೂ ಬೇಡ. ಇಂಕು ಬಳಿದರೆ ಸುಟ್ಟದ್ದು ಎಷ್ಟು ಆಳ ಎಂದು ವೈದ್ಯರಿಗೆ ಕಾಣುವುದಿಲ್ಲ, ಅದನ್ನು ಉಜ್ಜಿ ತೆಗೆಯುವಾಗ ಚರ್ಮವೂ ಕಿತ್ತು ಬರುತ್ತದೆ. ಅವರು ಬೈದದ್ದು ಇದಕ್ಕೆ. ಸುಟ್ಟ ಜಾಗವನ್ನು ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ತಡವಾಗಿದ್ದರೂ, ಮೂರು ಗಂಟೆಯೊಳಗಾದರೆ ಇದರಿಂದ ಪ್ರಯೋಜನವಿದೆ. ಐಸ್ ಇಡಬಾರದು. ಊತ ಬರುವ ಮುಂಚೆಯೇ ಉಂಗುರ, ಬಳೆ, ಗಡಿಯಾರ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯದೆ ಸುತ್ತಲೂ ಕತ್ತರಿಸಬೇಕು, ಗುಳ್ಳೆ ಒಡೆಯಬಾರದು. ಒಗೆದ ಬಿಳಿ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ 108ಕ್ಕೆ ಕರೆ ಮಾಡಿ. ಮುಖ, ಮೂಗಿನ ಕೂದಲು ಸುಟ್ಟಿದ್ದರೆ, ದನಿ ಒಡೆದಿದ್ದರೆ ಅದನ್ನು ಫೋನಿನಲ್ಲೇ ಹೇಳಿ. ಹೊಗೆ ಶ್ವಾಸನಾಳಕ್ಕೆ ತಾಗಿರಬಹುದು. ಅಂಥವರನ್ನು, ಮಾತಾಡುತ್ತ ಓಡಾಡಿಕೊಂಡಿದ್ದರೂ, ಮೊದಲು ಆಸ್ಪತ್ರೆಗೆ ಕಳಿಸಬೇಕು.