ಕಡಲಡಿಯ ನದಿ

ಪ್ರಶ್ನೆ: ಬ್ರಿಟನ್ ಪಕ್ಕದ ಉತ್ತರ ಸಮುದ್ರದ ತಳ ಹಿಂದೆ ಒಣನೆಲವಾಗಿತ್ತಂತೆ, ಅಲ್ಲಿ ನದಿಗಳು ಹರಿಯುತ್ತಿದ್ದವಂತೆ. ಅದು ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ಶಬ್ದದ ಅಲೆಗಳನ್ನು ಕಳಿಸಿ, ಹೂತುಹೋದ ನದೀಪಾತ್ರದ ನಕ್ಷೆ ತೆಗೆಯುತ್ತೇವೆ. ಆಮೇಲೆ ಅಲ್ಲಿಗೇ ಕಂಪಿಸುವ ಕೊಳವೆ ಇಳಿಸಿ ಮಣ್ಣಿನ ಕಂಬ ಎತ್ತುತ್ತೇವೆ. ಆ ಕೊಳವೆಯನ್ನು ಉದ್ದಕ್ಕೆ ಸೀಳುವ ಗಳಿಗೆಯೆಂದರೆ ನನಗೆ ಪ್ರಾಣ. ಮೇಲೆ ಚಿಪ್ಪಿನ ಚೂರು ಬೆರೆತ ಬೂದು ಮರಳು. ಕೆಳಗೆ ಕಪ್ಪು ಪೀಟ್, ಅಂದರೆ ಜೌಗಿನಲ್ಲಿ ಅರೆಕೊಳೆತ ಗಿಡಗಳ ಪದರ. ಬೆರಳಲ್ಲಿ ಬಿಡಿಸಿದರೆ ಜೊಂಡಿನ ನಾರು ಇನ್ನೂ ಕಾಣುತ್ತದೆ! ಪರಾಗದಿಂದ ಅಂದಿನ ಕಾಡು ತಿಳಿಯುತ್ತದೆ, ಸತ್ತ ಗಿಡಗಳಲ್ಲಿ ಕ್ರಮೇಣ ಕರಗುವ ರೇಡಿಯೋಕಾರ್ಬನ್ ಎಂಬ ಇಂಗಾಲದ ಅಳತೆಯಿಂದ ಕಾಲ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಲ್ಲಿ ಸಿಹಿನೀರಿನವು ಹೋಗಿ ಉಪ್ಪುನೀರಿನವು ಬಂದ ಕಡೆ ಕಡಲು ನುಗ್ಗಿದೆ. 1931ರಲ್ಲಿ ಇದೇ ಕಡಲಲ್ಲಿ ‘ಕೊಲಿಂಡಾ’ ಎಂಬ ಮೀನುದೋಣಿಯ ಬಲೆಗೆ ಸಿಕ್ಕ ಪೀಟ್ ಗಡ್ಡೆಯೊಳಗೆ ಕೊಂಬಿನ ಈಟಿಮೊನೆಯಿತ್ತು. ಅಲ್ಲಿ ಜನ ಓಡಾಡಿದ್ದರು. ಕಡಲಲ್ಲಿ ನಿಲ್ಲಿಸುವ ಗಾಳಿಯಂತ್ರಗಳ ಅಡಿಪಾಯಕ್ಕೆಂದು ಇಂದು ತೆಗೆಯುವ ಮಣ್ಣಿನ ಕಂಬಗಳನ್ನು ಎಸೆಯದೆ ಸಂಶೋಧಕರಿಗೆ ಕೊಡಲೇಬೇಕು.