ಅಂಡಾಣು ಕೊಡುವ ಹುಡುಗಿ ಹಣ ಪಡೆಯುವುದು ತಪ್ಪೇ?

ದಾವಣಗೆರೆಯ ಪದವಿ ಕಾಲೇಜೊಂದರ ಉಪನ್ಯಾಸಕಿಯೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಓದುತ್ತಿದ್ದಾಳೆ, ವಯಸ್ಸು 20. ಮಕ್ಕಳಿಲ್ಲದ ದಂಪತಿಗೆ ಅಂಡಾಣು ಕೊಟ್ಟರೆ 40 ಸಾವಿರ ರೂಪಾಯಿ ಕೊಡಿಸುವುದಾಗಿ ಪಿಜಿಗೆ ಬಂದುಹೋಗುವ ಮಹಿಳೆಯೊಬ್ಬರು ಆಕೆಗೆ ಹೇಳಿದ್ದಾರೆ. ಕಾಲೇಜಿನ ಶುಲ್ಕ ಬಾಕಿಯಿದೆ, ಊರಿನಲ್ಲಿ ಈ ಸಲ ಮೆಕ್ಕೆಜೋಳ ಕೈಕೊಟ್ಟಿದೆ. "ಡಾಕ್ಟರಿಗೆ ಫೀಸು, ಆಸ್ಪತ್ರೆಗೆ ಬಿಲ್ಲು, ಔಷಧ ಕಂಪನಿಗೆ ಲಾಭ. ಮೈಯೊಡ್ಡುವ ನಾನೊಬ್ಬಳೇ ಪುಣ್ಯಕ್ಕೆ ಮಾಡಬೇಕೇ ಮೇಡಂ?" ಎಂದು ಆಕೆ ಕೇಳಿದ್ದಕ್ಕೆ ಏನು ಹೇಳಬೇಕೆಂದು ತೋಚದೆ, ಉಪನ್ಯಾಸಕಿಯವರು ಆ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದ್ದಾರೆ. ಆ ಮಹಿಳೆ ಕಳುಹಿಸಿದ ವಾಟ್ಸ್ಆ್ಯಪ್ ಸಂದೇಶದ ಪ್ರತಿಯನ್ನೂ ಪತ್ರದೊಂದಿಗೆ ಲಗತ್ತಿಸಿದ್ದಾರೆ.

ಮಾನ್ಯರೇ,

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ನ್ಯಾಯವಾದದ್ದು. ದುಡ್ಡಿನಾಸೆಗೆ ಬಿದ್ದ ಹುಡುಗಿ ಎಂದು ಆಕೆಯನ್ನು ಗದರಿಸಿ ಕಳುಹಿಸದೆ, ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ನೀವು ಬರೆದಿರುವುದು ನನಗೆ ಸಮಾಧಾನ ತಂದಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಮಡಿಲು ತುಂಬಿಸಲೆಂದು ತನ್ನ ದೇಹವನ್ನು ನೋವಿಗೂ ಅಪಾಯಕ್ಕೂ ಒಡ್ಡುವ ಹೆಣ್ಣುಮಗಳು ಅದಕ್ಕೆ ಪ್ರತಿಫಲ ಪಡೆಯುವುದು ತಪ್ಪಲ್ಲ. ಆದರೆ ಈಗ ಆಕೆಯ ಮುಂದೆ ಚಾಚಿರುವ ಆ 40 ಸಾವಿರವನ್ನು ಆಕೆ ಮುಟ್ಟಬಾರದು. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ಕಾಣಬಹುದಾದ್ದರಿಂದ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ಲಗತ್ತಿಸಿದ ಸಂದೇಶದಲ್ಲಿ "ಎರಡು ವಾರದ ಸಣ್ಣ ಪ್ರೊಸೀಜರ್, ನೋವಿಲ್ಲ, ರಜೆ ಬೇಕಿಲ್ಲ" ಎಂದಿದೆ. ನಡೆಯುವುದು ಹೀಗೆ. ಸಾಮಾನ್ಯವಾಗಿ ಒಂದು ಋತುಚಕ್ರದಲ್ಲಿ ಒಂದೇ ಅಂಡಾಣು ಪಕ್ವವಾಗುತ್ತದೆ. ಜೊತೆಯಲ್ಲಿ ಬೆಳೆಯಲು ಹೊರಟ ಉಳಿದವು ತಾವಾಗಿಯೇ ಕರಗಿಹೋಗುತ್ತವೆ. ಹಾಗೆ ಕರಗಬೇಕಾದವುಗಳನ್ನೂ ಬೆಳೆಸುವುದಕ್ಕಾಗಿ ಸುಮಾರು ಹತ್ತು ಹನ್ನೆರಡು ದಿನ, ಹೊಕ್ಕುಳಿನ ಆಚೀಚೆ ಚರ್ಮವನ್ನು ಚಿವುಟಿ ಹಿಡಿದು, ದಿನವೂ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಈ ನಡುವೆ ಯೋನಿಮಾರ್ಗದ ಸ್ಕ್ಯಾನಿಂಗ್ ಹಲವು ಬಾರಿ ನಡೆಯುತ್ತದೆ, ರಕ್ತಪರೀಕ್ಷೆಗಳೂ ಇರುತ್ತವೆ. ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು ಒಂದೂವರೆ ದಿನದ ಬಳಿಕ ಮಂಪರು ಬರಿಸಿ, ಯೋನಿಯ ಗೋಡೆಯ ಮೂಲಕ ಉದ್ದನೆಯ ಸೂಜಿಯನ್ನು ಅಂಡಾಶಯದವರೆಗೆ ತೂರಿಸಿ ಅಂಡಾಣುಗಳನ್ನು ಹೀರಿ ತೆಗೆಯುತ್ತಾರೆ. ಇದರಿಂದ ಮುಂದೆ ಮಕ್ಕಳಾಗುವುದೇ ಇಲ್ಲ, ಮುಟ್ಟು ಬೇಗ ನಿಲ್ಲುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಹೇಗೂ ಕರಗಿಹೋಗುತ್ತಿದ್ದ ಅಂಡಾಣುಗಳನ್ನೇ ಬೆಳೆಸಿ ತೆಗೆಯುವುದರಿಂದ ಮೂಲ ಸಂಗ್ರಹ ಬರಿದಾಗುವುದಿಲ್ಲ. ಇಲ್ಲದ ಅಪಾಯವನ್ನು ಹೇಳಿ ಹೆದರಿಸುವುದು ಬೇಡ.

ಇರುವ ಅಪಾಯವೇ ಸಾಕಷ್ಟಿದೆ. ಕೆಲವರಲ್ಲಿ ಅಂಡಾಶಯಗಳು ಔಷಧಕ್ಕೆ ಅತಿಯಾಗಿ ಸ್ಪಂದಿಸಿ ಊದಿಕೊಳ್ಳುತ್ತವೆ. ರಕ್ತನಾಳಗಳಿಂದ ದ್ರವ ಸೋರಿ ಹೊಟ್ಟೆಯಲ್ಲಿ, ಕೆಲವೊಮ್ಮೆ ಎದೆಗೂಡಿನಲ್ಲಿ ತುಂಬಿಕೊಳ್ಳುತ್ತದೆ. ರಕ್ತ ಮಂದವಾಗಿ ಹೆಪ್ಪುಗಟ್ಟುವ ಭಯವಿರುತ್ತದೆ. ತೀವ್ರ ಸ್ವರೂಪಕ್ಕೆ ಹೋಗುವುದು ಅಪರೂಪ. ಔಷಧದ ಕ್ರಮವನ್ನು ಎಚ್ಚರದಿಂದ ಆರಿಸಿಕೊಂಡರೆ, ಕೊನೆಯ ಇಂಜೆಕ್ಷನ್ನಿನ ಬಗೆಯನ್ನು ಬದಲಿಸಿದರೆ, ಅದನ್ನು ಬಹುಮಟ್ಟಿಗೆ ತಡೆಯಲೂ ಬಹುದು. ನನ್ನನ್ನು ಕಾಡುವುದು ಈ ಜಾಗವೇ. ಎಚ್ಚರದಿಂದ ಮಾಡಿದರೆ ತಡೆಯಬಹುದಾದ ಅಪಾಯ ಎಂದಮೇಲೆ, ಎಚ್ಚರ ವಹಿಸಲೇಬೇಕಾದ ಒತ್ತಡ ಯಾರ ಮೇಲಿದೆ? ಚಿಕಿತ್ಸೆಗೆ ಹಣ ಕಟ್ಟಿದ ದಂಪತಿ ಆಸ್ಪತ್ರೆಗೆ ಮತ್ತೆ ಮತ್ತೆ ಬರುತ್ತಾರೆ, ಪ್ರಶ್ನೆ ಕೇಳುತ್ತಾರೆ, ಅಸಮಾಧಾನವಾದರೆ ಬೇರೆ ಕಡೆ ಹೋಗುತ್ತಾರೆ. ಅಂಡಾಣು ಕೊಟ್ಟ ಹುಡುಗಿ ಅದೇ ಸಂಜೆ ಪಿಜಿಗೆ ಮರಳುತ್ತಾಳೆ. ನಾಳೆ ಆಕೆಯ ಹೊಟ್ಟೆ ಉಬ್ಬರಿಸಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಆ ಸಂದೇಶದಲ್ಲಿ ಎಲ್ಲೂ ಇಲ್ಲ.

ನಮ್ಮ ದೇಶದಲ್ಲಿ ನಡೆದುಹೋದ ಮೂರು ಪ್ರಕರಣಗಳನ್ನು ನೆನಪಿಸಬೇಕಾಗಿದೆ. 2010ರಲ್ಲಿ ಮುಂಬೈಯಲ್ಲಿ ಗುಜರಿ ಕೆಲಸದ ಬಡ ಹುಡುಗಿಯೊಬ್ಬಳು, ಮೂರನೆಯ ಸಲ ಅಂಡಾಣು ಕೊಟ್ಟ ಬೆನ್ನಲ್ಲೇ ತೀರಿಕೊಂಡಳು. ಆಕೆಗೆ ಆಗ 17 ವರ್ಷ. 2014ರಲ್ಲಿ ದೆಹಲಿಯಲ್ಲಿ ಪುಟ್ಟ ಮಗುವಿನ ತಾಯಿಯಾಗಿದ್ದ 23ರ ಯುವತಿ ಅದೇ ರೀತಿ ಪ್ರಾಣ ಕಳೆದುಕೊಂಡಳು. 2022ರಲ್ಲಿ ತಮಿಳುನಾಡಿನ ಈರೋಡಿನಲ್ಲಿ, ಹೆತ್ತ ತಾಯಿ ಮತ್ತು ಆಕೆಯ ಸಂಗಾತಿ ದಲ್ಲಾಳಿಯೊಬ್ಬಳ ಜೊತೆ ಸೇರಿಕೊಂಡು 16 ವರ್ಷದ ಬಾಲಕಿಯ ಅಂಡಾಣುಗಳನ್ನು ಹಲವು ಸಲ ಮಾರಿಸಿದ್ದು ಹೊರಬಿತ್ತು. ವಯಸ್ಸು ತಿದ್ದಿದ ಸುಳ್ಳು ಆಧಾರ್ ಕಾರ್ಡನ್ನು ತೋರಿಸಿ ಆಕೆಯನ್ನು ವಯಸ್ಕಳೆಂದು ದಾಖಲಿಸಲಾಗಿತ್ತು. ತಮಿಳುನಾಡಿನ ಜೊತೆಗೆ ಕೇರಳ ಮತ್ತು ಆಂಧ್ರಪ್ರದೇಶದ ಆಸ್ಪತ್ರೆಗಳ ಹೆಸರೂ ತನಿಖೆಯಲ್ಲಿ ಬಂತು. ಎದುರಿಗೆ ನಿಂತ ಎಳೆಯ ಮುಖಕ್ಕಿಂತ ಕೈಯಲ್ಲಿದ್ದ ಕಾರ್ಡಿಗೇ ಹೆಚ್ಚು ಬೆಲೆ ಸಿಕ್ಕಿತು. ಆ ಕಾರ್ಡಿನಲ್ಲಿದ್ದದ್ದನ್ನು ನಂಬಿದರೆ ದಲ್ಲಾಳಿಗೂ ಲಾಭ, ತಾಯಿಗೂ ಲಾಭ, ಚಿಕಿತ್ಸೆ ನಡೆಸುವವರಿಗೂ ಲಾಭ. ನಂಬದಿದ್ದರೆ ಉಳಿಯುತ್ತಿದ್ದವಳು ಆ ಮಗು ಒಬ್ಬಳೇ.

ಹಣದ ಪ್ರಶ್ನೆಯನ್ನು ನಾನು ನೋಡುವುದು ಈ ಕೋನದಿಂದ. ಬಡ ಹುಡುಗಿಗೆ ಹಣ ತೋರಿಸಿದರೆ ವಿವೇಚನೆ ಮಂಕಾಗುತ್ತದೆ, ಆದ್ದರಿಂದ ಹಣ ಕೊಡಲೇಬಾರದು ಎಂದು ವಾದಿಸುವವರಿದ್ದಾರೆ. ಅವರ ಕಳಕಳಿ ನಿಜವಾದದ್ದೇ. ಆದರೆ ಹಣವಿಲ್ಲದ ಕಡೆ ಒತ್ತಾಯ ಇರುವುದಿಲ್ಲವೆಂದು ಹೇಳಲಾಗದು. ಮಾನವ ಭ್ರೂಣಗಳ ಕ್ಲೋನಿಂಗ್ ಸಂಶೋಧನೆಗೆ ಅಂಡಾಣುಗಳನ್ನು ಬಳಸುತ್ತಿದ್ದ ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಅವರ ಹಗರಣ 2005ರಲ್ಲಿ ಬಯಲಾದಾಗ, ಹಣ ಪಡೆದ ಮಹಿಳೆಯರ ಅಂಡಾಣುಗಳ ಜೊತೆಗೆ ಅವರದೇ ಪ್ರಯೋಗಾಲಯದ ಕಿರಿಯ ಸಂಶೋಧಕಿಯರ ಅಂಡಾಣುಗಳೂ ಬಳಕೆಯಾಗಿದ್ದು ತಿಳಿಯಿತು. ಮೇಲಧಿಕಾರಿಯ ಎದುರು ಇಲ್ಲವೆನ್ನುವುದು ಎಷ್ಟು ಕಷ್ಟ ಎಂಬುದು ನಿಮಗೂ ನನಗೂ ಗೊತ್ತು. ನಮ್ಮ ಮನೆಗಳಲ್ಲೂ ಅಕ್ಕನಿಗೆ ಮಕ್ಕಳಾಗದಿದ್ದಾಗ ತಂಗಿಯತ್ತ ಎಲ್ಲರ ಕಣ್ಣು ಹೊರಳುತ್ತದೆ. ಅವಳಿಗೆ ಯಾರೂ ಹಣ ಕೊಡುವುದಿಲ್ಲ, ಬೇಡವೆನ್ನುವ ಅವಕಾಶವನ್ನೂ ಕೊಡುವುದಿಲ್ಲ. ಆದ್ದರಿಂದ ಬಡತನವನ್ನು ಮುಂದೆಮಾಡಿ ಹುಡುಗಿಗೆ ಸಿಗಬೇಕಾದುದನ್ನು ತಪ್ಪಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಬಡತನ ಇರುವ ಕಡೆ ಕಾವಲು ಹೆಚ್ಚಬೇಕು.

ಹಣ ವಿಷವಾಗುವುದು ಅದನ್ನು ಎಣಿಸುವ ಕ್ರಮದಲ್ಲಿ. ಲಗತ್ತಿಸಿದ ಸಂದೇಶದ ಎರಡನೆಯ ಭಾಗವನ್ನು ಮತ್ತೊಮ್ಮೆ ಓದಿ: ಎತ್ತರ ಐದಡಿ ಮೂರು ಅಂಗುಲಕ್ಕಿಂತ ಹೆಚ್ಚಿರಬೇಕು, ಬಣ್ಣ ಬಿಳಿಯಿದ್ದರೆ ಹೆಚ್ಚು, ಡಿಗ್ರಿಯಾಗಿದ್ದರೆ ಇನ್ನೂ ಹೆಚ್ಚು, ಎರಡು ಫೋಟೊ ಕಳುಹಿಸಿ. ಹುಡುಗಿ ಅನುಭವಿಸುವ ನೋವು ಕಪ್ಪಗಿದ್ದರೂ ಬೆಳ್ಳಗಿದ್ದರೂ ಒಂದೇ. ಮೊತ್ತ ಬದಲಾಗುತ್ತಿದೆ ಎಂದರೆ ಅಲ್ಲಿ ಕೊಡುತ್ತಿರುವುದು ನೋವಿಗೆ ಪರಿಹಾರವಲ್ಲ, ಹುಟ್ಟಲಿರುವ ಮಗುವಿನ ಬಣ್ಣಕ್ಕೆ ಬೆಲೆ. ಅಮೆರಿಕದಲ್ಲಿ ಇದು ಬಹಿರಂಗವಾಗಿಯೇ ನಡೆದಿದೆ. 1999ರಲ್ಲಿ ಅಲ್ಲಿನ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಪತ್ರಿಕೆಗಳಲ್ಲಿ, ಎತ್ತರದ, ಕ್ರೀಡಾಪಟುವಾದ, ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಯುವತಿಗೆ 50 ಸಾವಿರ ಡಾಲರ್ ಕೊಡುವ ಜಾಹೀರಾತು ಬಂದಿತ್ತು. 5 ಸಾವಿರ ಡಾಲರ್ ಮೀರಿದರೆ ಕಾರಣ ಕೊಡಬೇಕು, 10 ಸಾವಿರ ಮೀರುವುದು ಸರಿಯಲ್ಲ ಎಂದು ಅಲ್ಲಿನ ಸಂತಾನ ವೈದ್ಯರ ಸಂಘ ಹಾಕಿಕೊಂಡಿದ್ದ ಮಿತಿಯ ವಿರುದ್ಧ 2011ರಲ್ಲಿ ಅಂಡಾಣು ಕೊಟ್ಟ ಮಹಿಳೆಯರೇ ನ್ಯಾಯಾಲಯಕ್ಕೆ ಹೋದರು. ವೈದ್ಯರು ತಮ್ಮ ಶುಲ್ಕಕ್ಕೆ ಮಿತಿ ಹಾಕಿಕೊಳ್ಳದೆ ನಮ್ಮ ಗಳಿಕೆಗೆ ಮಾತ್ರ ಮಿತಿ ಹಾಕುವುದೇಕೆ ಎಂಬುದು ಅವರ ತಕರಾರಿನ ತಿರುಳು. 2016ರಲ್ಲಿ ರಾಜಿಯಾಗಿ, ಆ ಅಂಕಿಗಳನ್ನು ಸಂಘ ಕೈಬಿಟ್ಟಿತು. ಅವರ ತಕರಾರು ನಿಮ್ಮ ವಿದ್ಯಾರ್ಥಿನಿಯದೇ ತಕರಾರು, ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಆದರೂ ಮಿತಿಯೇ ಇಲ್ಲದ ಆ ದಾರಿ ನಮಗೆ ಬೇಡ.

ಇಂಗ್ಲೆಂಡಿನ ಕ್ರಮ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅಲ್ಲಿ ಸರ್ಕಾರದ ಪ್ರಾಧಿಕಾರವೇ 2012ರಿಂದ ಒಂದು ಸಲದ ದಾನಕ್ಕೆ 750 ಪೌಂಡ್ ಪರಿಹಾರ ನಿಗದಿಪಡಿಸಿತ್ತು. 2024ರಲ್ಲಿ ಅದನ್ನು ಸಾವಿರದ ಸಮೀಪಕ್ಕೆ ಏರಿಸಿತು. ಕೊಡುವವಳ ಬಣ್ಣ, ಪದವಿಗಳಿಗೆ ಅಲ್ಲಿ ಲೆಕ್ಕವಿಲ್ಲ. 2005ರ ಏಪ್ರಿಲ್ ನಂತರ ದಾನ ಮಾಡಿದವರ ಗುರುತನ್ನು, ಹುಟ್ಟಿದ ಮಗು 18 ತುಂಬಿದ ಮೇಲೆ ಕೇಳಿ ತಿಳಿಯಲೂ ಅವಕಾಶವಿದೆ. ದಾಖಲೆಯಲ್ಲಿ ಉಳಿಯುವ ಹೆಣ್ಣನ್ನು ಒಂದು ಸಲ ಬಳಸಿ ಮರೆತುಬಿಡುವುದು ಕಷ್ಟ.

ನಮ್ಮ ಕಾನೂನು ಏನು ಹೇಳುತ್ತದೆ ಎಂದು ಕೇಳಿದ್ದೀರಿ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2021ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಂಡಾಣು ಕೊಡುವವಳ ವಯಸ್ಸು 23ರಿಂದ 35ರ ಒಳಗಿರಬೇಕು. ಜೀವನದಲ್ಲಿ ಒಂದೇ ಸಲ ಕೊಡಬೇಕು. ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯಬಾರದು. ಮಗು ಬೇಕೆಂದು ಬಂದವರು ಆಕೆಯ ಹೆಸರಿನಲ್ಲಿ 12 ತಿಂಗಳ ವಿಮೆ ಮಾಡಿಸಬೇಕು. ಅಂಡಾಣುವಿನ ಮಾರಾಟ ನಿಷಿದ್ಧ. ಮಾರಾಟದ ಜಾಲ ನಡೆಸಿದವರಿಗೆ ಮೊದಲ ಸಲ 5ರಿಂದ 10 ಲಕ್ಷ ರೂಪಾಯಿ ದಂಡ, ಮತ್ತೆ ಮಾಡಿದರೆ 3ರಿಂದ 8 ವರ್ಷ ಸೆರೆವಾಸವಿದೆ. ನಿಮ್ಮ ವಿದ್ಯಾರ್ಥಿನಿಗೆ 20 ವರ್ಷ. ಅಂದರೆ ಆಕೆಯನ್ನು ಕರೆದೊಯ್ಯಬೇಕಾದರೆ ಯಾರಾದರೂ ಒಂದು ಸುಳ್ಳು ದಾಖಲೆ ಸೃಷ್ಟಿಸಲೇಬೇಕು. ಆ ಸುಳ್ಳಿನಲ್ಲಿ ಆಕೆಯ ಸಹಿಯೂ ಇರುತ್ತದೆ. ನಾಳೆ ಏನಾದರೂ ಆದರೆ, ವಯಸ್ಸು ಮುಚ್ಚಿಟ್ಟವಳು ಇವಳೇ ಎಂದು ಎಲ್ಲರೂ ಬೆರಳು ತೋರಿಸುವುದು ಆಕೆಯತ್ತಲೇ. ವಿಮೆಯೂ ಸುಳ್ಳು ವಿವರದ ಮೇಲೆ ನಿಂತಿರುತ್ತದೆ.

ಈ ಕಾಯ್ದೆಯಲ್ಲಿ ಒಳ್ಳೆಯದು ಬಹಳವಿದೆ, ಆದರೆ ಒಂದು ಕಡೆ ಅದು ಕಣ್ಣು ಮುಚ್ಚಿಕೊಂಡಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಮಾರಾಟ ಕೂಡದು ಎಂದ ಕಾಯ್ದೆ, ಆಕೆ ಕಳೆದುಕೊಳ್ಳುವ ದಿನಗೂಲಿಗೆ, ಓಡಾಟಕ್ಕೆ, ನೋವಿಗೆ ಇಷ್ಟು ಕೊಡಬೇಕೆಂದು ಒಂದು ಮೊತ್ತವನ್ನು ಹೇಳಲಿಲ್ಲ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಅಪರಿಚಿತರಿಗಾಗಿ ಹತ್ತು ಹನ್ನೆರಡು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಬರಿಗೈಯಲ್ಲಿ ಮರಳುತ್ತಾಳೆಂದು ಯಾರೂ ನಂಬುವುದಿಲ್ಲ. ಹಾಗಾಗಿ ಹಣ ಓಡಾಡುತ್ತಲೇ ಇದೆ, ಲೆಕ್ಕವಿಲ್ಲದೆ, ರಸೀದಿಯಿಲ್ಲದೆ, ದಲ್ಲಾಳಿಯ ಕೈಯಿಂದ. ಸರ್ಕಾರ ಒಂದು ನಿಗದಿತ ಪರಿಹಾರವನ್ನು ಘೋಷಿಸಲಿ. ಅದು ಎಲ್ಲರಿಗೂ ಒಂದೇ ಇರಲಿ. ಎಷ್ಟು ಅಂಡಾಣು ಸಿಕ್ಕಿತು, ಗರ್ಭ ನಿಂತಿತೇ ಎಂಬುದನ್ನು ನೋಡದೆ ನೇರವಾಗಿ ಆಕೆಯ ಬ್ಯಾಂಕ್ ಖಾತೆಗೆ ಜಮೆಯಾಗಲಿ. ನಡುವೆ ಮನಸ್ಸು ಬದಲಿಸಿ ಹಿಂದೆ ಸರಿದರೂ ಅಲ್ಲಿಯವರೆಗಿನ ಪಾಲು ಸಿಗಲಿ. ಹಿಂದೆ ಸರಿದರೆ ಏನೂ ಇಲ್ಲ ಎಂದಾಗಲೇ ಹುಡುಗಿಯರು ಜ್ವರವನ್ನೂ ನೋವನ್ನೂ ಬಚ್ಚಿಡುವುದು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಆಸ್ಪತ್ರೆಯ ಸಂಬಳ ಪಡೆಯದ ಒಬ್ಬ ವೈದ್ಯೆ ಅದನ್ನು ಓದಿ ವಿವರಿಸಲಿ.

ಮಕ್ಕಳಿಲ್ಲದ ದಂಪತಿಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ಸೀಮಂತ, ನಾಮಕರಣಗಳಿಗೆ ಕರೆಯದೆ ದೂರವಿಟ್ಟ ಮನೆಗಳ ನೋವು ನಮ್ಮ ಪತ್ರಿಕೆಗೆ ಬರುವ ಪತ್ರಗಳಲ್ಲಿ ತುಂಬಿದೆ. ಅವರಲ್ಲಿ ನನ್ನ ವಿನಂತಿ ಒಂದೇ: ಅಂಡಾಣು ಕೊಟ್ಟವಳ ವಿಮೆಯ ಪತ್ರವನ್ನು ಕೇಳಿ ನೋಡಿ. ಅದು ನೀವೇ ಮಾಡಿಸಬೇಕಾದ ವಿಮೆ.

ಈಗ ಆ ಹುಡುಗಿಯ ವಿಷಯ. ಆಕೆಯ ಮಾತು ಸರಿಯಿದೆ ಎಂದು ಮೊದಲು ಹೇಳಿ. ಆಮೇಲೆ, ಈ ವ್ಯವಹಾರದಲ್ಲಿ ಆಕೆಯ ಪರವಾಗಿ ನಿಲ್ಲುವವರು ಯಾರೂ ಇಲ್ಲ ಎಂಬುದನ್ನು ಹೇಳಿ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿ ನೀವೇ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದುಕೊಟ್ಟರೆ, ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ನಿಂತಿದೆಯೆಂದು ಜೊತೆಗೆ ಕುಳಿತು ನೋಡಿದರೆ, ಅದು ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡೀತು. ಒಂದು ವೇಳೆ ನಿಮ್ಮ ಪತ್ರ ನಮಗೆ ತಲುಪುವಷ್ಟರಲ್ಲಿ ಇಂಜೆಕ್ಷನ್ ಶುರುವಾಗಿದ್ದರೆ, ಬೈಯದೆ ಕೇಳಿ ತಿಳಿದುಕೊಳ್ಳಿ. ಹೊಟ್ಟೆ ಬೇಗಬೇಗನೆ ಉಬ್ಬುವುದು, ಮೂತ್ರ ಕಡಿಮೆಯಾಗುವುದು, ನಿಲ್ಲದ ವಾಂತಿ, ಉಸಿರು ಕಟ್ಟಿದಂತಾಗುವುದು, ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು ಕಾಣಿಸಿಕೊಂಡರೆ, ಹೊತ್ತು ಯಾವುದೇ ಇರಲಿ, ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಹೋದಲ್ಲಿ ನಾಚಿಕೆಯಿಂದ ಬರೀ ಹೊಟ್ಟೆನೋವು ಎನ್ನದೆ, ಅಂಡಾಣು ತೆಗೆಯಲು ಇಂಜೆಕ್ಷನ್ ತೆಗೆದುಕೊಂಡಿದ್ದೇನೆ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಆ ಔಷಧಗಳ ಖಾಲಿ ಪೆಟ್ಟಿಗೆಗಳಿದ್ದರೆ ಎಸೆಯದೆ ಜೊತೆಗೆ ಕೊಂಡೊಯ್ಯಲಿ.

— ಸಂಪಾದಕ